ಮಾರ್ಪಡಿಸಿದ ಪೇಂಟ್‌ಬಾಲ್ ಮಾರ್ಕರನ್ನು ಬಡಾಯಿ ಬಿಟ್ಟು ವಿವರಿಸುವ ಬಗೆ

ಬಾಡಿಗೆಯ ಮಾರ್ಕರಿನಲ್ಲಿ, ಅಂದರೆ ಬಣ್ಣ ತುಂಬಿದ ಚೆಂಡನ್ನು ಗಾಳಿಯ ಒತ್ತಡದಿಂದ ಹೊಡೆಯುವ ಬಂದೂಕಿನಂಥ ಸಲಕರಣೆಯಲ್ಲಿ, ನಾಲ್ಕಾರು ವಾರಾಂತ್ಯ ಪೇಂಟ್‌ಬಾಲ್ ಆಡಿದವರಿಗೆ ಸ್ವಂತದ್ದೊಂದು ಬೇಕೆನಿಸುವುದು ಸಹಜ. ಹೊಸದರ ಬೆಲೆ ಕೇಳಿದ ಮೇಲೆ, ಯಾರೋ ಬಳಸಿ ಮಾರ್ಪಡಿಸಿದ ಹಳೆಯದರ ಕಡೆಗೆ ಕಣ್ಣು ಹೊರಳುವುದೂ ಅಷ್ಟೇ ಸಹಜ. ಅಮೆರಿಕದಲ್ಲಿರುವ ನಮ್ಮ ಕನ್ನಡದ ಗೆಳೆಯರ ಗುಂಪಿನಲ್ಲಿ ಹೀಗೆ ಕೊಂಡವರೂ ಇದ್ದಾರೆ, ಬೇಸತ್ತು ಮಾರಿದವರೂ ಇದ್ದಾರೆ. ಕೊಳ್ಳುವಾಗ ಇತರರು ಬರೆದ ವಿವರಣೆಯನ್ನು ಬೈದುಕೊಂಡವರೇ ತಾವು ಮಾರುವಾಗ ಅದೇ ಮಾತುಗಳನ್ನು ಎತ್ತಿ ಬರೆಯುವುದನ್ನು ನೋಡಿ ನೋಡಿ, ಇದರ ಬಗ್ಗೆ ಒಮ್ಮೆ ಕ್ರಮವಾಗಿ ಬರೆದಿಡೋಣವೆನಿಸಿತು.

ನಾನು ಮೊದಲು ಕೊಂಡ ಮಾರ್ಕರಿನ ವಿವರಣೆ ಒಂದೇ ಸಾಲಿನದು: ‘ಫುಲ್ಲಿ ಪಿಂಪ್ಡ್ ಔಟ್, ಸಿಕ್ ಆನೋ, ಮಿಂಟ್, ರಿಪ್ಸ್, ಶೂಟ್ಸ್ ರೋಪ್ಸ್.’ ಹೊಗಳಿಕೆ ಐದಿದ್ದವು, ಅಂಕಿ ಒಂದೂ ಇರಲಿಲ್ಲ. ಅದನ್ನು ಮನೆಗೆ ತಂದು, ಊಟದ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ, ಅಲೆನ್ ಕೀ ಹಿಡಿದು ಬಿಚ್ಚಲು ಕುಳಿತರೆ ಮೊದಲ ಸ್ಕ್ರೂವಿನ ತಲೆಯೇ ಸವೆದು ಗುಂಡಗಾಗಿತ್ತು. ಹೇಗೋ ಗ್ರಿಪ್ ಫ್ರೇಮ್ ಕಳಚಿ ನೋಡಿದಾಗ, ಚೆಂಡು ಪೂರ್ತಿಯಾಗಿ ಒಳಗೆ ಇಳಿದಿದೆಯೇ ಎಂದು ಕಾಯುವ ಬೆಳಕಿನ ಸೆನ್ಸರಿನ ತಂತಿ, ಅಂದರೆ ಆಟಗಾರರು ‘ಐಸ್’ ಎಂದು ಕರೆಯುವ ಕಣ್ಣುಗಳ ತಂತಿ, ಎರಡು ತುಂಡಾಗಿ ಕರಿ ಟೇಪಿನಲ್ಲಿ ಮುದುಡಿಕೊಂಡು ಮೂಲೆಯಲ್ಲಿತ್ತು. ಈ ಕಣ್ಣುಗಳನ್ನು ಆಫ್ ಮಾಡಿ ಹೊಡೆದರೆ ಮಾರ್ಕರ್ ಯಾವ ಚೆಂಡಿಗೂ ಕಾಯದೆ ಹೊಡೆಯುತ್ತಲೇ ಹೋಗುತ್ತದೆ. ಚೆಂಡನ್ನು ಬ್ಯಾರಲಿನೊಳಕ್ಕೆ, ಅಂದರೆ ನಳಿಗೆಯೊಳಕ್ಕೆ, ತಳ್ಳುವ ಬೋಲ್ಟ್ ಅರ್ಧ ಇಳಿದ ಚೆಂಡನ್ನು ಕತ್ತರಿಸಿ ಹಾಕುತ್ತದೆ. ‘ರಿಪ್ಸ್’, ಅಂದರೆ ಸರಸರನೆ ಹೊಡೆಯುತ್ತದೆ, ಎಂಬ ಹೊಗಳಿಕೆಯ ಹಿಂದಿದ್ದ ಗುಟ್ಟು ಇದು. ಮಾರಿದವರು ಸುಳ್ಳು ಹೇಳಿದರೆಂದು ನಾನು ಹೇಳಲಾರೆ, ಏಕೆಂದರೆ ಅವರು ಏನನ್ನೂ ಹೇಳಿಯೇ ಇರಲಿಲ್ಲ.

ಮಾರುವವರ ಇಂಥ ಆಡುಮಾತು ಕಿರಿಕಿರಿ ಮಾಡುವುದಕ್ಕೆ ನನ್ನ ಮಟ್ಟಿಗೆ ಇದೇ ಮುಖ್ಯ ಕಾರಣ. ಅದು ಒರಟಾಗಿದೆ, ಹುಡುಗಾಟಿಕೆಯದಾಗಿದೆ ಎಂಬುದನ್ನೆಲ್ಲ ಸಹಿಸಿಕೊಳ್ಳಬಹುದು. ಕೊಳ್ಳುವವರಿಗೆ ಬೇಕಾದ ಸಂಗತಿ ಇರಬೇಕಾದ ಜಾಗದಲ್ಲಿ ಅದು ಬಂದು ಕುಳಿತುಬಿಡುತ್ತದೆ ಎಂಬುದನ್ನು ಮಾತ್ರ ಸಹಿಸಲಾಗದು. ಆದ್ದರಿಂದ ವಿವರಣೆ ಬರೆಯುವ ದಾರಿಯನ್ನು ಒಂದೇ ಮಾತಿನಲ್ಲಿ ಹೇಳಬಹುದಾದರೆ ಅದು ಹೀಗಿದೆ: ಪ್ರತಿಯೊಂದು ಹೊಗಳಿಕೆಯ ಪದವನ್ನೂ ಹಿಡಿದು ನಿಲ್ಲಿಸಿ, ಯಾವ ಭಾಗ, ಯಾರು ಮಾಡಿದ್ದು, ಯಾವಾಗ, ಎಷ್ಟು ಎಂದು ಕೇಳಿ, ಬಂದ ಉತ್ತರವನ್ನು ಬರೆದು ಪದವನ್ನು ಹೊಡೆದುಹಾಕಿ. ಉತ್ತರವೇ ಬರದಿದ್ದರೆ ಆ ಪದಕ್ಕೆ ವಿವರಣೆಯಲ್ಲಿ ಜಾಗವಿಲ್ಲ.

ಕಸುಬಿನ ಮಾತು ಬೇರೆ, ಬಡಾಯಿ ಬೇರೆ

ಮೊದಲಿಗೇ ಒಂದು ಎಚ್ಚರಿಕೆ ಹೇಳಬೇಕು. ಆಡುಮಾತನ್ನು ಕಳೆಯುವ ಉತ್ಸಾಹದಲ್ಲಿ ಆಟದ ನಿಜವಾದ ಪರಿಭಾಷೆಯನ್ನೂ ಕಿತ್ತುಹಾಕಬಾರದು. ‘ಡ್ರಾಪ್ ಫಾರ್ವರ್ಡ್’ ಎಂದರೆ ಗಾಳಿಯ ಟ್ಯಾಂಕನ್ನು ಸ್ವಲ್ಪ ಕೆಳಕ್ಕೂ ಮುಂದಕ್ಕೂ ತರುವ ಲೋಹದ ತುಂಡು. ‘ಎಎಸ್ಎ’ ಎಂದರೆ ಟ್ಯಾಂಕನ್ನು ತಿರುಗಿಸಿ ಕೂರಿಸುವ ಕಂಠ. ‘ಎಲ್‌ಪಿಆರ್’ ಎಂದರೆ ಕಡಿಮೆ ಒತ್ತಡದ ರೆಗ್ಯುಲೇಟರ್, ಅಂದರೆ ಗಾಳಿಯ ಒತ್ತಡವನ್ನು ಹದಕ್ಕೆ ಇಳಿಸುವ ಭಾಗ. ಕೇಳುವುದಕ್ಕೆ ಆಡುಮಾತಿನಂತಿದ್ದರೂ ಇವೆಲ್ಲ ಕೈಯಲ್ಲಿ ಹಿಡಿದು ತೋರಿಸಬಹುದಾದ ವಸ್ತುಗಳ ಹೆಸರುಗಳು, ಇವುಗಳಿಗೆ ಬದಲಿ ಹುಡುಕುವ ಅಗತ್ಯವಿಲ್ಲ. ತೋರು ಎಂದರೆ ಬೆರಳಿಟ್ಟು ತೋರಿಸಲಾಗದ ಪದ ಮಾತ್ರ ಬಡಾಯಿ.

‘ಗನ್’ ಎನ್ನಬೇಕೋ ‘ಮಾರ್ಕರ್’ ಎನ್ನಬೇಕೋ ಎಂಬ ಹಳೆಯ ಜಗಳವನ್ನೂ ಇಲ್ಲಿಯೇ ಮುಗಿಸಿಬಿಡೋಣ. ಈ ಆಟದ ಮೊದಲ ಪಂದ್ಯ 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಹೆನಿಕರ್ ಎಂಬಲ್ಲಿ, ಕಾಡಿನೊಳಗೆ, 12 ಜನರ ನಡುವೆ ನಡೆಯಿತು. ಅವರ ಕೈಯಲ್ಲಿದ್ದದ್ದು ನೆಲ್-ಸ್ಪಾಟ್ 007 ಎಂಬ ಸಲಕರಣೆ. ಕಡಿಯಬೇಕಾದ ಮರಗಳಿಗೂ ಬೇರ್ಪಡಿಸಬೇಕಾದ ದನಗಳಿಗೂ ದೂರದಿಂದಲೇ ಬಣ್ಣದ ಗುರುತು ಹಾಕುವುದಕ್ಕಾಗಿ ಅದನ್ನು ಮಾಡಿದ್ದರು. ಗುರುತು ಹಾಕುವುದರಿಂದಲೇ ಅದು ಮಾರ್ಕರ್. ಅಂದು ಗೆದ್ದ ರಿಚಿ ವೈಟ್ ಅರಣ್ಯದ ಕೆಲಸ ಬಲ್ಲವರು, ಒಂದೇ ಒಂದು ಚೆಂಡನ್ನೂ ಹೊಡೆಯದೆ ಬಾವುಟಗಳನ್ನೆಲ್ಲ ಒಟ್ಟುಮಾಡಿದರು ಎಂಬುದನ್ನು, ನಿಮಿಷಕ್ಕೆ ನೂರಾರು ಚೆಂಡು ಉಗುಳುವ ಮಾರ್ಕರುಗಳನ್ನು ಮೆರೆಸುವವರಿಗೆ ನಾನು ಆಗಾಗ ನೆನಪಿಸುವುದುಂಟು. ಬರವಣಿಗೆಯಲ್ಲಿ ‘ಮಾರ್ಕರ್’ ಎಂದು ಬರೆಯುವುದೇ ಒಳ್ಳೆಯದು. ಮೈದಾನದಲ್ಲಿ ಯಾರಾದರೂ ‘ಗನ್’ ಎಂದರೆ ತಿದ್ದಲು ಹೋಗಬೇಡಿ, ಅದೂ ಒಂದು ಬಗೆಯ ಕಿರಿಕಿರಿಯೇ. ಹಳೆಯ ಗ್ಯಾಟ್ಲಿಂಗ್ ಬಂದೂಕಿನ ಹೆಸರಿನಿಂದ ಅಮೆರಿಕದ ಭೂಗತಲೋಕಕ್ಕೆ ಬಂದ ‘ಗ್ಯಾಟ್’ ಎಂಬ ಪದವನ್ನಂತೂ ನೆರೆಹೊರೆಯವರ ಕಿವಿಗೆ ಬೀಳುವಂತೆ ಆಡದಿರುವುದು ಎಲ್ಲರಿಗೂ ಕ್ಷೇಮ.

‘ಪಿಂಪ್ಡ್’, ‘ಟ್ರಿಕ್ಡ್’, ‘ಕಸ್ಟಮ್’

‘ಪಿಂಪ್ಡ್ ಔಟ್’ ಎಂಬುದು ಸಿಂಗರಿಸಿದ, ಏನೇನನ್ನೋ ಸೇರಿಸಿದ ವಾಹನ ಅಥವಾ ಸಲಕರಣೆಗೆ ಅಂಟಿಕೊಂಡ ವಿಶೇಷಣ. ಕನ್ನಡದಲ್ಲಿ ‘ಪಿಂಪ್’ ಎಂದರೆ ತಲೆಹಿಡುಕ. ಈ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡು ‘ನನ್ನ ಮಾರ್ಕರನ್ನು ಪೂರ್ತಿ ಪಿಂಪ್ ಮಾಡಿದ್ದೇನೆ’ ಎಂಬ ವಾಕ್ಯವನ್ನು ನಿಮ್ಮ ತಾಯಿಯವರ ಮುಂದೆ ಒಮ್ಮೆ ಓದಿ ನೋಡಿ. ಸಭ್ಯತೆಯ ಮಾತು ಹಾಗಿರಲಿ, ಆ ವಾಕ್ಯದಿಂದ ಬೋಲ್ಟ್ ಬದಲಾಗಿದೆಯೋ, ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್ ಬದಲಾಗಿದೆಯೋ, ಬರೀ ಬಣ್ಣ ಬದಲಾಗಿದೆಯೋ ತಿಳಿಯುವುದಿಲ್ಲ. ‘ಟ್ರಿಕ್ಡ್ ಔಟ್’, ‘ಡೆಕ್ಡ್ ಔಟ್’, ‘ಲೋಡೆಡ್’, ‘ಹುಕ್ಡ್ ಅಪ್’ ಎಲ್ಲವೂ ಇದೇ ಮನೆತನದವು. ನಮ್ಮಲ್ಲಿ ಹಳೆಯ ಬೈಕ್ ಮಾರುವವರು ‘ಶೋರೂಮ್ ಕಂಡೀಷನ್, ಒಂದು ರೂಪಾಯಿ ಖರ್ಚಿಲ್ಲ’ ಎನ್ನುತ್ತಾರಲ್ಲ, ಅದನ್ನು ಕೇಳಿ ಬೆಳೆದವರಿಗೆ ಇದರ ಧಾಟಿ ತಕ್ಷಣ ಗೊತ್ತಾಗುತ್ತದೆ.

ಇದರ ಬದಲು ಮಾಡಬೇಕಾದದ್ದು ಇಷ್ಟು. ಕಾರ್ಖಾನೆಯಿಂದ ಬಂದ ಭಾಗಗಳು ಯಾವುವು, ನಂತರ ಹಾಕಿದವು ಯಾವುವು ಎಂದು ಎರಡು ಪಾಲು ಮಾಡಿಕೊಳ್ಳಿ. ನಂತರ ಹಾಕಿದ ಒಂದೊಂದರ ಮುಂದೆಯೂ ತಯಾರಕರ ಹೆಸರು, ನೀವು ಹಾಕಿದ್ದೋ ಹಿಂದಿನ ಮಾಲೀಕರು ಹಾಕಿದ್ದೋ, ತೆಗೆದ ಮೂಲ ಭಾಗ ನಿಮ್ಮ ಬಳಿ ಇದೆಯೋ ಇಲ್ಲವೋ ಎಂಬ ಮೂರು ಸಂಗತಿಗಳನ್ನು ಬರೆಯಿರಿ. ಕೊನೆಯದನ್ನು ಬಹಳ ಮಂದಿ ಮರೆಯುತ್ತಾರೆ. ಮೂಲದ ಬೋಲ್ಟ್, ಮೂಲದ ಟ್ರಿಗರ್ ಪೆಟ್ಟಿಗೆಯಲ್ಲಿವೆ ಎಂದರೆ ಕೊಳ್ಳುವವರಿಗೆ ಹಿಂದಕ್ಕೆ ಹೋಗುವ ದಾರಿಯೊಂದು ಉಳಿದಿದೆ ಎಂದರ್ಥ, ಬೆಲೆಗೂ ಅದು ಆಧಾರವಾಗುತ್ತದೆ.

‘ಕಸ್ಟಮ್’ ಎಂಬ ಪದದ ಕಥೆ ಇನ್ನೂ ಸ್ವಾರಸ್ಯದ್ದು. ಟಿಪ್‌ಮನ್ ಕಂಪನಿಯ ಬಹಳ ಜನಪ್ರಿಯವಾದ ಒಂದು ಮಾದರಿಯ ಹೆಸರೇ ‘98 ಕಸ್ಟಮ್’. ಸಾವಿರಾರು ಪ್ರತಿಗಳು ಒಂದೇ ಅಚ್ಚಿನಲ್ಲಿ ಕಾರ್ಖಾನೆಯಿಂದ ಇಳಿದವು, ಬಾಡಿಗೆಯ ಮೈದಾನಗಳಲ್ಲಿ ಸಾಲಾಗಿ ತೂಗುಹಾಕಿರುವುದೂ ಅದೇ. ಹಾಗಾಗಿ ‘ಕಸ್ಟಮ್ ಟಿಪ್‌ಮನ್’ ಎಂದು ಬರೆದರೆ ಅದು ಏನೂ ಬದಲಾಗದ ಮಾರ್ಕರ್ ಇರಬಹುದು, ಬ್ಯಾರಲಿನಿಂದ ಹಿಡಿದು ಟ್ರಿಗರಿನವರೆಗೆ ಬದಲಾದದ್ದೂ ಇರಬಹುದು. ಇದಕ್ಕೆ ಎದುರಾದ ‘ಸ್ಟಾಕ್’ ಎಂಬ ಪದದಲ್ಲೂ ಇಂಥದೇ ಗೊಂದಲವಿದೆ. ಕಾರ್ಖಾನೆಯಿಂದ ಬಂದಂತೆಯೇ ಇದೆ ಎಂಬುದು ಅದರ ಒಂದು ಅರ್ಥವಾದರೆ, 12 ಗ್ರಾಂನ ಪುಟ್ಟ ಇಂಗಾಲದ ಡೈಆಕ್ಸೈಡ್ ಕುಪ್ಪಿ ಹಾಕಿ, ಪ್ರತಿ ಹೊಡೆತಕ್ಕೂ ಪಂಪ್ ಎಳೆದು ಆಡುವ ‘ಸ್ಟಾಕ್ ಕ್ಲಾಸ್’ ಎಂಬ ಹಳೆಯ ಶೈಲಿಯದು ಇನ್ನೊಂದು. ‘ಮ್ಯಾಗ್’ ಎಂದರೆ ಏರ್‌ಗನ್ ಡಿಸೈನ್ಸ್‌ನವರ ಆಟೋಮ್ಯಾಗ್ ಎಂದು ಹಳಬರು ತಿಳಿಯುತ್ತಾರೆ, ಹೊಸಬರು ಚೆಂಡು ತುಂಬುವ ಮ್ಯಾಗಜೀನ್ ಎಂದು ತಿಳಿಯುತ್ತಾರೆ. ಬಾಬ್ ಲಾಂಗ್ ಅವರ ಇಂಟಿಮಿಡೇಟರನ್ನು ‘ಟಿಮ್ಮಿ’ ಎಂದೂ, ವರ್ ಗೇಮ್ ಪ್ರಾಡಕ್ಟ್ಸ್‌ನ ಆಟೋಕಾಕರನ್ನು ಬರಿಯ ‘ಕಾಕರ್’ ಎಂದೂ ಮುದ್ದಿನಿಂದ ಕರೆಯುವುದುಂಟು. ಮುದ್ದು ಮನೆಯೊಳಗಿರಲಿ, ವಿವರಣೆಯ ಮೊದಲ ಸಾಲಿನಲ್ಲಿ ತಯಾರಕರ ಹೆಸರು, ಮಾದರಿಯ ಪೂರ್ಣ ಹೆಸರು, ಗೊತ್ತಿದ್ದರೆ ವರ್ಷ, ಇವು ಇರಲಿ.

ಬಣ್ಣದ ಮಾತು

ಮಾರ್ಪಡಿಸಿದ ಮಾರ್ಕರುಗಳ ಬೆಲೆಯಲ್ಲಿ ದೊಡ್ಡ ಪಾಲು ಮೈಬಣ್ಣಕ್ಕೆ ಸೇರಿದ್ದು, ಬಡಾಯಿ ಹೆಚ್ಚು ಮಡುಗಟ್ಟಿರುವುದೂ ಅಲ್ಲಿಯೇ. ‘ಸಿಕ್ ಆನೋ’ ಎಂಬಲ್ಲಿ ‘ಆನೋ’ ಎಂದರೆ ಆನೊಡೈಸಿಂಗ್. ‘ಸಿಕ್’ ಎಂದರೆ ಕಾಯಿಲೆಯಲ್ಲ, ಅದ್ಭುತ ಎಂಬ ಅರ್ಥ. ಆದರೂ ನನಗೆ ಆ ಪದ ಕಂಡಾಗಲೆಲ್ಲ ಕಷಾಯ ಕಾಯಿಸಬೇಕೆನಿಸುತ್ತದೆ.

ಆನೊಡೈಸಿಂಗ್ ಏನೆಂಬುದು ಗೊತ್ತಿದ್ದರೆ ಬಣ್ಣದ ಬಗ್ಗೆ ಸರಿಯಾಗಿ ಬರೆಯುವುದು ಸುಲಭ. ಅಲ್ಯೂಮಿನಿಯಂ ಭಾಗವನ್ನು ಆಮ್ಲದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸಿದಾಗ ಅದರ ಮೈಮೇಲೆ ಆಕ್ಸೈಡಿನ ಗಟ್ಟಿಯಾದ ತೆಳುಪದರ ಬೆಳೆಯುತ್ತದೆ. ಆ ಪದರದ ಸೂಕ್ಷ್ಮ ರಂಧ್ರಗಳು ಬಣ್ಣವನ್ನು ಹೀರಿಕೊಂಡ ಮೇಲೆ ಅವುಗಳ ಬಾಯಿ ಮುಚ್ಚುತ್ತಾರೆ. ಅಂದರೆ ಇದು ಮೇಲೆ ಬಳಿದ ಪೇಂಟ್ ಅಲ್ಲ, ಲೋಹದ ಚರ್ಮವೇ ಬಣ್ಣ ಕುಡಿದದ್ದು. ಆದ್ದರಿಂದ ಗೀರು ಬಿದ್ದ ಜಾಗಕ್ಕೆ ಮಾತ್ರ ಬಣ್ಣ ತುಂಬಿ ಸರಿಪಡಿಸಲು ಆಗದು. ಇಡೀ ಭಾಗದ ಪದರವನ್ನು ಕರಗಿಸಿ ತೆಗೆದು ಮತ್ತೆ ಮೊದಲಿನಿಂದ ಮಾಡಬೇಕು, ಹಾಗೆ ತೆಗೆಯುವಾಗ ಲೋಹವೂ ಕೂದಲೆಳೆಯಷ್ಟು ಹೋಗುತ್ತದೆ. ಎರಡು ಮೂರು ಸಲ ಬಣ್ಣ ಬದಲಾದ ಮಾರ್ಕರಿನಲ್ಲಿ ತಿರುಪಿನ ಹಲ್ಲುಗಳು ಸಡಿಲವೆನಿಸುವುದಕ್ಕೆ, ಬೋಲ್ಟ್ ಕೂರುವ ಕೊಳವೆಯ ಅಳತೆ ತಪ್ಪುವುದಕ್ಕೆ ಇದೂ ಒಂದು ಕಾರಣವಾಗಬಹುದು. ಕೊಳ್ಳುವವರಿಗೆ ಬೇಕಾಗಿರುವುದು ಬಣ್ಣ ಎಷ್ಟು ‘ಸಿಕ್’ ಎಂಬುದಲ್ಲ, ಅದು ಕಾರ್ಖಾನೆಯ ಬಣ್ಣವೋ ನಂತರದ್ದೋ, ನಂತರದ್ದಾದರೆ ಎಷ್ಟನೆಯ ಸಲದ್ದು, ಎಲ್ಲ ಭಾಗಗಳೂ ಒಂದೇ ಸಲಕ್ಕೆ ಆದವೋ ಎಂಬುದು.

‘ಡಸ್ಟ್’, ‘ಗ್ಲಾಸ್’, ‘ಫೇಡ್’, ‘ಸ್ಪ್ಲ್ಯಾಶ್’ ಎಂಬ ಪದಗಳನ್ನು ಇದೇ ಬುಟ್ಟಿಗೆ ಹಾಕಬೇಡಿ, ಅವು ಕಸುಬಿನ ಮಾತುಗಳು. ಬಣ್ಣ ಹಾಕುವ ಮೊದಲು ಸಣ್ಣ ಮಣಿಗಳನ್ನು ಚಿಮ್ಮಿಸಿ ಹೊಳಪು ತೆಗೆದದ್ದು ಡಸ್ಟ್, ಪಾಲಿಶ್ ಮಾಡಿ ಹೊಳೆಯಿಸಿದ್ದು ಗ್ಲಾಸ್, ಒಂದು ಬಣ್ಣ ಇನ್ನೊಂದರೊಳಗೆ ಕರಗುವುದು ಫೇಡ್, ಚೆಲ್ಲಿದಂತೆ ಕಾಣುವುದು ಸ್ಪ್ಲ್ಯಾಶ್. ಇವುಗಳನ್ನು ಹಾಗೆಯೇ ಬರೆದು ಜೊತೆಗೆ ಬಣ್ಣದ ಹೆಸರನ್ನು ಸೇರಿಸಿದರೆ ಸಾಕು. ‘ಒನ್ ಆಫ್ ಒನ್’ ಎಂಬುದನ್ನು ಮಾತ್ರ ಯೋಚಿಸಿ ಬಳಸಬೇಕು. ಜಗತ್ತಿನಲ್ಲಿ ಇಂಥದ್ದು ಇದೊಂದೇ ಎಂದು ಮಾರುವವರಿಗೆ ಹೇಗೆ ಗೊತ್ತು? ಬಣ್ಣ ಹಾಕಿದವರ ರಸೀದಿಯೋ ಪತ್ರವೋ ಇದ್ದರೆ ಅದರ ಚಿತ್ರವನ್ನು ಸೇರಿಸಿ. ಇಲ್ಲದಿದ್ದರೆ ‘ಇದೇ ಬಣ್ಣದ ಇನ್ನೊಂದನ್ನು ನಾನು ನೋಡಿಲ್ಲ’ ಎಂದು ಬರೆಯಿರಿ, ಅದು ನಿಮ್ಮ ಅನುಭವ, ಅದರಲ್ಲಿ ಸುಳ್ಳಿಲ್ಲ.

ಹಗ್ಗ, ಲೇಸರ್ ಮತ್ತು ಕ್ರೋನೋಗ್ರಾಫ್

ಹೊಡೆತದ ಗುಣವನ್ನು ಹೊಗಳುವ ಪದಗಳು ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುತ್ತವೆ, ಏಕೆಂದರೆ ಅಳೆಯುವುದು ಅತಿ ಸುಲಭವಾಗಿರುವುದೂ ಇದನ್ನೇ. ‘ಶೂಟ್ಸ್ ರೋಪ್ಸ್’ ಎಂದರೆ ಒಂದರ ಹಿಂದೊಂದು ಚೆಂಡು ಬಿಗಿದ ಹಗ್ಗದಂತೆ ಒಂದೇ ಗೆರೆಯಲ್ಲಿ ಸಾಗುತ್ತದೆ ಎಂದು. ‘ಲೇಸರ್ಸ್’, ‘ಡಾರ್ಟ್ಸ್’ ಎಂಬವೂ ಅದೇ ಜಾತಿಯವು. ಹೀಗೆ ಬರೆಯುವವರು ಯಾವ ಚೆಂಡು ಹಾಕಿ ಹೊಡೆದರು ಎಂಬುದನ್ನು ಹೇಳುವುದೇ ಇಲ್ಲ. ಚೆಂಡಿನ ವ್ಯಾಸ ಹೆಸರಿಗೆ 0.68 ಇಂಚು, ಸುಮಾರು 17 ಮಿಲಿಮೀಟರ್. ಆದರೆ ಅದರ ಸಿಪ್ಪೆ ಜೆಲಾಟಿನ್‌ನದು, ತೇವ ಹೀರಿದರೆ ಉಬ್ಬುತ್ತದೆ, ಒಂದೇ ಪೆಟ್ಟಿಗೆಯೊಳಗೂ ಗಾತ್ರ ಅಷ್ಟಿಷ್ಟು ಹೆಚ್ಚುಕಡಿಮೆ ಇರುತ್ತದೆ. ಚೆಂಡಿಗೂ ಬ್ಯಾರಲಿನ ಒಳವ್ಯಾಸಕ್ಕೂ ಹೊಂದಿಕೆಯಾಗದಿದ್ದರೆ ಯಾವ ಮಾರ್ಕರಿನಿಂದಲೂ ಹಗ್ಗ ಬಾರದು.

ಹೊಂದಿಕೆಯನ್ನು ನೋಡುವ ವಿಧಾನ ಹೀಗೆ. ಬ್ಯಾರಲನ್ನು ಮಾರ್ಕರಿನಿಂದ ಬಿಚ್ಚಿ ಕೈಗೆ ತೆಗೆದುಕೊಳ್ಳಿ. ಬಿಚ್ಚದೆ ಈ ಕೆಲಸಕ್ಕೆ ಕೈಹಾಕಲೇಬಾರದು. ಹಿಂದಿನ ತುದಿಯಿಂದ ಒಂದು ಚೆಂಡನ್ನು ಬಿಡಿ. ಅದು ತಾನಾಗಿ ಉರುಳಿ ಮುಂದಿನಿಂದ ಬಿದ್ದರೆ ಒಳವ್ಯಾಸ ಹೆಚ್ಚಾಯಿತು. ಅಲ್ಲಿಯೇ ಸಿಕ್ಕಿಕೊಂಡು, ಬಾಯಿಟ್ಟು ಬಲವಾಗಿ ಊದಿದರೂ ಕದಲದಿದ್ದರೆ ಕಡಿಮೆಯಾಯಿತು. ಕೂತ ಜಾಗದಲ್ಲಿ ನಿಂತು, ಊದಿದೊಡನೆ ‘ಪಟ್’ ಎಂದು ಹಾರಿದರೆ ಹೊಂದಿತು. ಸ್ಮಾರ್ಟ್ ಪಾರ್ಟ್ಸ್‌ನ ‘ಫ್ರೀಕ್’ ಎಂಬ ಬ್ಯಾರಲಿನಲ್ಲಿ ಒಳಗೆ ತೂರಿಸುವ ಬೇರೆ ಬೇರೆ ವ್ಯಾಸದ ಕೊಳವೆಗಳು 0.679ರಿಂದ 0.695 ಇಂಚಿನವರೆಗೆ ಸಿಗುತ್ತಿದ್ದದ್ದು ಈ ಹೊಂದಾಣಿಕೆಗಾಗಿಯೇ. ವಿವರಣೆಯಲ್ಲಿ ‘ಹಗ್ಗ’ದ ಬದಲು ಬ್ಯಾರಲಿನ ಉದ್ದ, ಒಳವ್ಯಾಸ, ಜೊತೆಗೆ ಕೊಡುವ ಕೊಳವೆಗಳ ಅಳತೆ, ಒಳಗೆ ಗೀರು ಇದೆಯೋ ಇಲ್ಲವೋ, ಇಷ್ಟನ್ನು ಬರೆದರೆ ಓದುವವರು ತಾವೇ ನಿರ್ಧರಿಸಿಕೊಳ್ಳುತ್ತಾರೆ.

ವೇಗದ ಮಾತು, ಚೆಂಡಿನ ವೇಗವನ್ನು ಅಳೆಯುವ ಯಂತ್ರವಾದ ಕ್ರೋನೋಗ್ರಾಫಿಗೆ ಬಿಟ್ಟದ್ದು. ಹೊರಾಂಗಣ ಮೈದಾನಗಳಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 300 ಅಡಿ, ಅಂದರೆ ಸುಮಾರು 91 ಮೀಟರ್, ಮೇಲ್ಮಿತಿಯಾಗಿರುತ್ತದೆ. ಅನೇಕ ಕಡೆ ಅದನ್ನು 280ಕ್ಕೆ ಇಳಿಸಿರುತ್ತಾರೆ. ಎಲ್ಲರಿಗೂ ಮಿತಿ ಒಂದೇ ಆಗಿರುವಾಗ ‘ನನ್ನದು ಹಾರ್ಡ್ ಹೊಡೆಯುತ್ತದೆ’ ಎನ್ನುವುದು ನಿಯಮ ಮುರಿದುದರ ತಪ್ಪೊಪ್ಪಿಗೆ ಆಗುತ್ತದೆಯೇ ಹೊರತು ಹೊಗಳಿಕೆ ಆಗುವುದಿಲ್ಲ. ಬರೆಯಬೇಕಾದದ್ದು ಸ್ಥಿರತೆಯನ್ನು. ಮಾರುವ ಮೊದಲು ಮೈದಾನಕ್ಕೆ ಹೋದಾಗ, ಒಂದೇ ಬಗೆಯ ಚೆಂಡನ್ನು ಹಾಕಿ, ಕ್ರೋನೋಗ್ರಾಫಿನ ಮುಂದೆ ಹತ್ತು ಸಲ ಹೊಡೆಯಿರಿ. ಹೊಡೆತಕ್ಕೂ ಹೊಡೆತಕ್ಕೂ ನಡುವೆ ಎರಡು ಮೂರು ಸೆಕೆಂಡು ಬಿಡಿ. ಹತ್ತರಲ್ಲಿ ಅತಿ ಹೆಚ್ಚು ಎಷ್ಟು, ಅತಿ ಕಡಿಮೆ ಎಷ್ಟು ಎಂಬ ಎರಡು ಅಂಕಿಗಳನ್ನು ಬರೆದುಕೊಳ್ಳಿ. ಎರಡರ ನಡುವಿನ ಅಂತರ ಚಿಕ್ಕದಾದಷ್ಟೂ ರೆಗ್ಯುಲೇಟರಿನ ಆರೋಗ್ಯ ಚೆನ್ನಾಗಿದೆ ಎಂದು ತಿಳಿದವರು ಓದಿಕೊಳ್ಳುತ್ತಾರೆ. ಸ್ವಲ್ಪ ಹೊತ್ತು ಸುಮ್ಮನೆ ಇಟ್ಟು ಹೊಡೆದ ಮೊದಲ ಚೆಂಡು ಮಾತ್ರ ಉಳಿದವಕ್ಕಿಂತ ವೇಗವಾಗಿ ಹೋದರೆ ಅದನ್ನೂ ಮುಚ್ಚಿಡದೆ ಬರೆಯಿರಿ. ರೆಗ್ಯುಲೇಟರಿನ ಒತ್ತಡ ಮೆಲ್ಲಗೆ ಏರುತ್ತಿರುವುದರ ಲಕ್ಷಣ ಅದು, ಹೆಚ್ಚಾಗಿ ಒಳಗಿನ ಸೀಲ್ ಬದಲಿಸಿದರೆ ಸರಿಹೋಗುವಂಥದು.

‘ರಿಪ್ಸ್’ ಎಂಬುದು ಸೆಕೆಂಡಿಗೆ ಎಷ್ಟು ಚೆಂಡು ಎಂಬುದರ ಹೊಗಳಿಕೆ. ಮೇಲಿನ ಚೆಂಡಿನ ಡಬ್ಬಿಯಾದ ಹಾಪರಿನಲ್ಲಿ ಚೆಂಡೇ ಇಲ್ಲದೆ ಟ್ರಿಗರ್ ಒತ್ತಿ, ಬೋರ್ಡ್ ತೋರಿಸಿದ ದೊಡ್ಡ ಅಂಕಿಯನ್ನು ಬರೆಯುವುದು ಇಲ್ಲಿನ ಹಳೆಯ ಚಾಳಿ. ಚೆಂಡು ಇಳಿಸುವ ಹಾಪರ್ ಎಷ್ಟು ಬೇಗ ಇಳಿಸುತ್ತದೋ ಅದಕ್ಕಿಂತ ಬೇಗ ಯಾವ ಮಾರ್ಕರೂ ಹೊಡೆಯಲಾರದು. ಭಾರದಿಂದ ತಾನಾಗಿ ಇಳಿಯುವ ಹಾಪರಿಗೂ, ಒಳಗಿನ ಮೋಟಾರ್ ದೂಡಿ ಇಳಿಸುವ ಹಾಪರಿಗೂ ಅಜಗಜಾಂತರವಿದೆ. ಆದ್ದರಿಂದ ಹಾಪರಿನ ಹೆಸರನ್ನು ಹೇಳದೆ ವೇಗವನ್ನು ಹೇಳಬಾರದು, ಕಣ್ಣುಗಳು ಕೆಲಸ ಮಾಡುತ್ತಿವೆಯೇ ಎಂಬುದನ್ನು ಹೇಳದೆಯಂತೂ ಹೇಳಲೇಬಾರದು.

‘ಸ್ನೈಪರ್ ಬ್ಯಾರಲ್’ ಎಂಬುದರ ಬಗ್ಗೆ ಎರಡೇ ಮಾತು. ಉದ್ದದ ಬ್ಯಾರಲ್ ಹಾಕಿದರೆ ಚೆಂಡು ದೂರ ಹೋಗುತ್ತದೆ ಎಂಬುದು ರೈಫಲ್ ನೋಡಿದವರ ಕಲ್ಪನೆ. ಅದೇ ಚೆಂಡು ಅದೇ ವೇಗದಲ್ಲಿ ಹೊರಟರೆ ಬ್ಯಾರಲ್ ಎಷ್ಟೇ ಉದ್ದವಿದ್ದರೂ ಹೆಚ್ಚುಕಡಿಮೆ ಅಷ್ಟೇ ದೂರ ಹೋಗುತ್ತದೆ. ಚೆಂಡಿಗೆ ಹಿಮ್ಮುಖ ತಿರುಗು ಕೊಡುವ, ಟಿಪ್‌ಮನ್‌ನ ಫ್ಲ್ಯಾಟ್‌ಲೈನ್‌ನಂತಹ ಬಾಗಿದ ಬ್ಯಾರಲುಗಳ ಮಾತು ಬೇರೆ, ಅವು ನಿಜಕ್ಕೂ ಸ್ವಲ್ಪ ಮುಂದೆ ಒಯ್ಯುತ್ತವೆ. ಇನ್ನು ‘ಸ್ನೈಪರ್’ ಎಂಬ ಹೆಸರಿನ ನಿಜವಾದ ಪಂಪ್ ಮಾರ್ಕರೇ ವರ್ ಗೇಮ್ ಪ್ರಾಡಕ್ಟ್ಸ್‌ನಿಂದ ಬಂದಿತ್ತಾದ್ದರಿಂದ, ಆ ಪದವನ್ನು ಅದಕ್ಕೇ ಬಿಟ್ಟುಕೊಡುವುದು ನ್ಯಾಯ.

‘ಮಿಂಟ್’ ಎಂದು ಬರೆಯುವ ಮೊದಲು

ಈ ‘ಮಿಂಟ್’ ಪುದೀನವಲ್ಲ, ಟಂಕಸಾಲೆ. ಟಂಕಸಾಲೆಯಿಂದ ಹೊರಬಿದ್ದು ಯಾರ ಕೈಗೂ ತಾಗದ ನಾಣ್ಯಕ್ಕೆ ನಾಣ್ಯ ಸಂಗ್ರಹಿಸುವವರು ಹೇಳುವ ಮಾತು ಅದು. ಮೈದಾನದ ಮಣ್ಣಿನಲ್ಲಿ ಮೊಣಕಾಲೂರಿ, ಬಂಕರಿನ ಪಕ್ಕಕ್ಕೆ ಉಜ್ಜಿ, ಬಣ್ಣ ಬಳಿದುಕೊಂಡು ಬಂದ ಸಲಕರಣೆಗೆ ಅದನ್ನು ಹೇಳುವುದು, ಮೂರು ಮದುವೆ ಉಟ್ಟ ಸೀರೆಯನ್ನು ಮಡಿಕೆ ಮುರಿಯದ್ದು ಎಂದಂತೆ.

ಬದಲಿಗೆ ಎಷ್ಟು ಬಳಕೆಯಾಗಿದೆ ಎಂದು ಕೇಸ್‌ಗಳ ಲೆಕ್ಕದಲ್ಲಿ ಹೇಳಿ. ಒಂದು ಕೇಸ್ ಎಂದರೆ ಸಾಮಾನ್ಯವಾಗಿ 2000 ಚೆಂಡು. ‘ಸುಮಾರು ಆರು ಕೇಸ್ ಹೊಡೆದಿದ್ದೇನೆ’ ಎಂದರೆ 12,000 ಹೊಡೆತ ಎಂದು ಓದುವವರಿಗೆ ಗೊತ್ತಾಗುತ್ತದೆ. ಹಿಂದಿನ ಮಾಲೀಕರದ್ದು ತಿಳಿಯದಿದ್ದರೆ ನಿಮ್ಮ ಪಾಲಿನದಷ್ಟನ್ನೇ ಬರೆಯಿರಿ. ಗೀರುಗಳ ಜಾಗ ಮತ್ತು ಗಾತ್ರವನ್ನು ಹೆಸರಿಸಿ, ಹಗಲಿನ ಬೆಳಕಿನಲ್ಲಿ ಹತ್ತಿರದಿಂದ ಚಿತ್ರ ತೆಗೆಯಿರಿ. ಸ್ಕ್ರೂಗಳ ತಲೆಯ ಚಿತ್ರವನ್ನೂ ಹಾಕಿ. ಹಿಂದೆ ಬಿಚ್ಚಿದವರ ಕೈ ಎಂಥದ್ದು ಎಂಬುದನ್ನು ಸವೆಯದ ಸ್ಕ್ರೂ ಯಾವ ಹೊಗಳಿಕೆಗಿಂತಲೂ ಚೆನ್ನಾಗಿ ಹೇಳುತ್ತದೆ. ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆಗಳಾದ ಒ-ರಿಂಗುಗಳನ್ನು ಯಾವಾಗ ಬದಲಿಸಿದಿರಿ, ಯಾವ ಗ್ರೀಸ್ ಹಚ್ಚಿದಿರಿ ಎಂಬುದಕ್ಕೆ ಒಂದು ಸಾಲು ಸಾಕು. ಕೆಲವು ಪೆಟ್ರೋಲಿಯಂ ಗ್ರೀಸುಗಳಿಂದ ರಬ್ಬರ್ ಉಬ್ಬಿ ಕೆಡುತ್ತದೆಯಾದ್ದರಿಂದ ತಿಳಿದವರು ಅದನ್ನು ಕೇಳಿಯೇ ಕೇಳುತ್ತಾರೆ.

ಟ್ಯಾಂಕಿನ ವಿಷಯದಲ್ಲಿ ತಮಾಷೆ ಇಲ್ಲ

ಇಲ್ಲಿಯವರೆಗಿನದರಲ್ಲಿ ತಪ್ಪಿದರೆ ಹೋಗುವುದು ಹಣ. ಗಾಳಿಯ ಟ್ಯಾಂಕಿನಲ್ಲಿ ತಪ್ಪಿದರೆ ಜೀವಕ್ಕೆ ಬರುತ್ತದೆ. ‘ಸಿಕ್ ಕಸ್ಟಮ್ ಟ್ಯಾಂಕ್, ಹೋಲ್ಡ್ಸ್ ಏರ್ ಆಲ್ ಡೇ’ ಎಂಬ ವಾಕ್ಯವನ್ನು ಕಂಡರೆ ಅಲ್ಲಿಂದ ದೂರ ಸರಿಯಿರಿ. ಸಾಮಾನ್ಯವಾಗಿ ಸಿಗುವ ಅಲ್ಯೂಮಿನಿಯಂ ಟ್ಯಾಂಕಿನ ಮೇಲೆ 48/3000 ಎಂದಿದ್ದರೆ 48 ಘನ ಇಂಚಿನ ಒಳಜಾಗ, 3000 ಪಿಎಸ್‌ಐ, ಅಂದರೆ ಚದರ ಇಂಚಿಗೆ 3000 ಪೌಂಡ್, ಒತ್ತಡ ಎಂದರ್ಥ. ಕಾರ್ಬನ್ ನಾರು ಸುತ್ತಿದವುಗಳಲ್ಲಿ 68/4500 ಹೆಚ್ಚು ಪ್ರಚಲಿತ. ಇಷ್ಟು ಒತ್ತಡದ ಟ್ಯಾಂಕುಗಳಿಗೆ ಅಮೆರಿಕದಲ್ಲಿ ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ ಆಗಬೇಕು, ಆಟಗಾರರ ಮಾತಿನಲ್ಲಿ ಅದು ‘ಹೈಡ್ರೋ’. ಕಾರ್ಬನ್ ನಾರಿನವುಗಳ ಒಟ್ಟು ಆಯುಸ್ಸು ಸಾಮಾನ್ಯವಾಗಿ 15 ವರ್ಷ. ಆಮೇಲೆ ಪರೀಕ್ಷೆಗೂ ತೆಗೆದುಕೊಳ್ಳುವುದಿಲ್ಲ.

ನನ್ನ ಆ ‘ಪಿಂಪ್ಡ್’ ಮಾರ್ಕರಿನ ಜೊತೆಗೆ ಬಂದ ಟ್ಯಾಂಕಿಗೆ ಗಾಳಿ ತುಂಬಿಸಲು ಮೈದಾನದ ಹುಡುಗನ ಕೈಗೆ ಕೊಟ್ಟೆ. ಅವನು ಅದನ್ನು ತಿರುಗಿಸಿ, ಭುಜದ ಮೇಲಿದ್ದ ಒಣಗಿದ ಹಳದಿ ಬಣ್ಣವನ್ನು ಹೆಬ್ಬೆರಳಿನ ಉಗುರಿನಿಂದ ಕೆರೆದು, ಕೆಳಗೆ ಮೂಡಿದ ತಿಂಗಳು ಮತ್ತು ವರ್ಷದ ಮುದ್ರೆಯನ್ನು ನನಗೆ ತೋರಿಸಿ, ಮಾತಾಡದೆ ತಲೆಯಾಡಿಸಿ ಹಿಂತಿರುಗಿಸಿದ. ಅವಧಿ ಮುಗಿದು ಎರಡು ವರ್ಷವಾಗಿತ್ತು. ಆ ದಿನ ನಾನು ಬಾಡಿಗೆಯ ಟ್ಯಾಂಕಿನಲ್ಲಿ ಆಡಿದೆ.

ಆದ್ದರಿಂದ ಟ್ಯಾಂಕಿಗೆ ಬೇರೆಯೇ ಒಂದು ಪರಿಚ್ಛೇದವನ್ನು ಮೀಸಲಿಟ್ಟು, ಗಾತ್ರ, ಒತ್ತಡ, ತಯಾರಾದ ತಿಂಗಳು, ಕೊನೆಯ ಪರೀಕ್ಷೆಯ ತಿಂಗಳು, ಇವನ್ನು ಮುದ್ರೆಯ ಸ್ಪಷ್ಟ ಚಿತ್ರದೊಂದಿಗೆ ಕೊಡಿ. ಮುದ್ರೆ ಮುಚ್ಚಿಹೋಗುವಂತೆ ಪೇಂಟ್ ಮಾಡಿದ ಟ್ಯಾಂಕನ್ನು ಮಾರಲೂ ಬೇಡಿ, ಕೊಳ್ಳಲೂ ಬೇಡಿ. ಬಣ್ಣದ ಪುಡಿ ಹಾಕಿ ಒಲೆಯಲ್ಲಿ ಕಾಯಿಸಿದ ಟ್ಯಾಂಕಾದರೆ ಶಾಖದಿಂದ ಅಲ್ಯೂಮಿನಿಯಂನ ಬಲ ಕುಗ್ಗಿರುವ ಅಪಾಯವಿದೆ. ನೋಡುವುದಕ್ಕೆ ಎಷ್ಟು ಚೆಂದವಿದ್ದರೂ ಅದು ಗುಜರಿಗೆ. ಟ್ಯಾಂಕನ್ನು ಮಾರ್ಕರಿನಿಂದ ಬಿಚ್ಚುವಾಗ ಕೆಲವೊಮ್ಮೆ ಅದರ ಕಂಠದಲ್ಲಿರುವ ವಾಲ್ವ್ ತಾನೇ ಸಡಿಲಗೊಂಡು ಕಳಚುವ ಅಪಾಯವಿದೆಯಾದ್ದರಿಂದ, ವಾಲ್ವಿಗೂ ಟ್ಯಾಂಕಿನ ಕುತ್ತಿಗೆಗೂ ಸೇರುವಂತೆ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆದಿಡುವ ರೂಢಿಯಿದೆ. ಗೆರೆ ಎರಡು ತುಂಡಾಗಿ ಕಂಡರೆ ವಾಲ್ವ್ ತಿರುಗಿದೆ ಎಂದರ್ಥ, ಕೂಡಲೇ ನಿಲ್ಲಿಸಬೇಕು. ಮುಖವಾಡದ ವಿಷಯವೂ ಇದೇ ಗಾಂಭೀರ್ಯದ್ದು. ಕೆಳಭಾಗ ಕತ್ತರಿಸಿ ‘ಕಸ್ಟಮ್’ ಮಾಡಿದ್ದನ್ನು ಹಾಗೆಂದೇ ಬರೆಯಿರಿ, ಲೆನ್ಸ್ ಪೇಂಟ್‌ಬಾಲಿಗೆಂದೇ ಇರುವ ಎಎಸ್‌ಟಿಎಂ ಎಫ್ 1776 ಎಂಬ ಸುರಕ್ಷತಾ ಮಾನದಂಡದ್ದು ಹೌದೋ ಅಲ್ಲವೋ ಎಂದು ಹೇಳಿ, ಕೊಂಡವರು ಹೊಸ ಲೆನ್ಸ್ ಹಾಕಿಕೊಳ್ಳಲಿ ಎಂದೂ ಸೇರಿಸಿ.

ಎಲ್ಲ ಸೇರಿಸಿ ಬರೆದದ್ದು ಹೇಗಿರಬೇಕು

ಉದಾಹರಣೆಗೆ ಸ್ಮಾರ್ಟ್ ಪಾರ್ಟ್ಸ್‌ನ ಅಯಾನ್ ಎಂಬ ಮಾರ್ಕರನ್ನು ಇಟ್ಟುಕೊಳ್ಳೋಣ. 2005ರ ಹೊತ್ತಿಗೆ ಬಂದ ಈ ಎಲೆಕ್ಟ್ರಾನಿಕ್ ಮಾರ್ಕರ್ ಅಗ್ಗವಾಗಿದ್ದುದರಿಂದ ಮನಸೋ ಇಚ್ಛೆ ಮಾರ್ಪಾಟಿಗೆ ಒಳಗಾಯಿತು. ‘ಟ್ರಿಕ್ಡ್ ಔಟ್ ಅಯಾನ್, ಲೋಡೆಡ್, ಮಸ್ಟ್ ಸೀ’ ಎಂಬುದರ ಜಾಗದಲ್ಲಿ ನಾನು ಬರೆಯುವುದು ಹೀಗೆ:

‘ಸ್ಮಾರ್ಟ್ ಪಾರ್ಟ್ಸ್ ಅಯಾನ್, ನಾನು ಎರಡನೆಯ ಮಾಲೀಕ. ಮೂಲದ ಪ್ಲಾಸ್ಟಿಕ್ ಹೊರಕವಚದ ಬದಲು ಕೆಂಪು ಡಸ್ಟ್ ಬಣ್ಣದ ಅಲ್ಯೂಮಿನಿಯಂ ಕವಚವಿದೆ. ಹಾಕಿದ್ದು ಮೊದಲ ಮಾಲೀಕರು, ಮೂಲ ಕವಚ ಜೊತೆಗಿದೆ. ಗಾಳಿಯನ್ನು ಬೇಗ ಹೊರಬಿಡುವ ಕ್ಯುಇವಿ ವಾಲ್ವನ್ನು ನಾನು ಹಾಕಿದೆ. ಬೋರ್ಡ್, ಬೋಲ್ಟ್, ಸೊಲೆನಾಯ್ಡ್ ಕಾರ್ಖಾನೆಯವು. ಬ್ಯಾರಲ್ 14 ಇಂಚು, ಒಳವ್ಯಾಸ 0.689, ಒಳಗೆ ಗೀರಿಲ್ಲ. ಹತ್ತು ಹೊಡೆತದಲ್ಲಿ ಅತಿ ಕಡಿಮೆ 279, ಅತಿ ಹೆಚ್ಚು 286. ಕಣ್ಣುಗಳು ಕೆಲಸ ಮಾಡುತ್ತಿವೆ. ನನ್ನ ಕೈಯಲ್ಲಿ ಸುಮಾರು ಆರು ಕೇಸ್ ಆಗಿದೆ. ಹಾಪರ್ ಕೂರುವ ಕುತ್ತಿಗೆಯ ಎಡಕ್ಕೆ ಅಕ್ಕಿಕಾಳಿನಷ್ಟು ಗೀರಿದೆ, ಮೂರನೆಯ ಚಿತ್ರ ನೋಡಿ. ಟ್ಯಾಂಕ್ ಇಲ್ಲ.’

ಇದನ್ನು ಓದುವುದಕ್ಕೆ ಅರ್ಧ ನಿಮಿಷ ಸಾಕು. ಹೊಗಳಿಕೆಯ ಪದ ಒಂದೂ ಇಲ್ಲದಿದ್ದರೂ ಮಾರ್ಕರ್ ಕಣ್ಣಿಗೆ ಕಟ್ಟುತ್ತದೆ.

ಕೊಳ್ಳುವವರಾದ ನಿಮಗೆ ಇಂಥ ವಿವರಣೆ ಸಿಗದೆ ಹಳೆಯ ಬಡಾಯಿಯೇ ಎದುರಾದರೆ, ಮಾರುವವರನ್ನು ಹಂಗಿಸಲು ಹೋಗಬೇಡಿ. ‘ರೋಪ್ಸ್ ಎಂದರೇನು’ ಎಂದು ಕೆಣಕಿದರೆ ಉತ್ತರವಾಗಿ ಇನ್ನೂ ನಾಲ್ಕು ಹೊಗಳಿಕೆ ಬರುತ್ತವೆ. ‘ಬ್ಯಾರಲಿನ ಒಳವ್ಯಾಸ ಎಷ್ಟು, ಕಣ್ಣುಗಳು ಆನ್ ಇದ್ದಾಗ ಚೆಂಡು ಹಾಕಿ ಹೊಡೆಯುವ ಒಂದು ವಿಡಿಯೋ ಕಳಿಸುತ್ತೀರಾ, ಟ್ಯಾಂಕಿನ ಮುದ್ರೆಯ ಚಿತ್ರ ಸಿಗಬಹುದೇ’ ಎಂದು ಮೂರು ಪ್ರಶ್ನೆಗಳನ್ನು ಸೌಜನ್ಯದಿಂದ ಕೇಳಿ. ಮೂರಕ್ಕೂ ಉತ್ತರ ಕೊಟ್ಟವರೊಂದಿಗೆ ಮಾತ್ರ ಬೆಲೆಯ ಮಾತಾಡಿ.

ನನ್ನ ಆ ಮೊದಲ ಮಾರ್ಕರನ್ನು, ತಂತಿ ಹೊಸದು ಹಾಕಿಸಿ, ಸ್ಕ್ರೂಗಳನ್ನು ಬದಲಿಸಿ, ಎರಡು ವರ್ಷ ಆಡಿ, ಕೊನೆಗೆ ಹೀಗೆಯೇ ವಿವರಣೆ ಬರೆದು ಮಾರಿದೆ. ಕೊಂಡವರು ಅಂಗಳಕ್ಕೆ ಬಂದು, ಬ್ಯಾರಲ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ, ಜೇಬಿನಿಂದ ತಮ್ಮದೇ ಒಂದು ಚೆಂಡನ್ನು ತೆಗೆದು ಒಳಗೆ ಬಿಟ್ಟು ಊದಿದರು. ಚೆಂಡು ಪಟ್ಟೆಂದು ಹಾರಿ ಪಕ್ಕದ ಮನೆಯ ಹುಲ್ಲಿಗೆ ಬಿತ್ತು. ಅದನ್ನು ಹುಡುಕಿ ತಂದ ಮೇಲೆ ಅವರು ಹಣ ಎಣಿಸಿದರು.